ಪೂಜೆಗೆ ಕೂರದ ಉಳಿ

ಆಯುಧಪೂಜೆಯ ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಮರ ಹೆರೆಯುವ ನಾಲ್ಕು ಕೀಸುಳಿ, ಮೂರು ಗರಗಸ, ಒಂಬತ್ತು ಉಳಿ, ಜೊತೆಗೆ ಹೆಂಡತಿಯ ಚೂರಿ, ತುರಿಮಣೆ, ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಸಾಲಾಗಿ ಕೂತಿದ್ದವು. ಹತ್ತನೆಯ ಉಳಿ ಮಾತ್ರ ಅಟ್ಟದ ಮೇಲೆ, ಆಕಾಶಬುಟ್ಟಿಯ ಪೆಟ್ಟಿಗೆಯಲ್ಲಿ, ನನ್ನ ಹಳೆಯ ಬನಿಯನ್ನಿನೊಳಗೆ ಮಲಗಿತ್ತು.

ಇನ್ನು ಒಂದು ತುಕ್ಕು ಕಬ್ಬಿಣವೂ ಹೊಸ್ತಿಲು ದಾಟಬಾರದೆಂದು ಹೆಂಡತಿ ಹೇಳಿದಾಗ ನಾನು ಗಟ್ಟಿಯಾಗಿ ತಲೆಯಾಡಿಸಿದ್ದೆ. ಮರುವಾರವೇ ಕಳವಾ ಸ್ಟೇಷನ್ ಹತ್ತಿರದ ಗುಜರಿ ಅಂಗಡಿಯಲ್ಲಿ ಅದು ಕಣ್ಣಿಗೆ ಬಿತ್ತು. ಎರಡು ಬೆರಳಗಲದ ಹಳೇ ಉಕ್ಕು. ಅವಳು ತವರಿಗೆ ಹೋಗಿದ್ದಾಗ ಪುನರ್ಪುಳಿ ಹಣ್ಣಿನ ಹುಳಿ ನೀರಿನಲ್ಲಿ ನೆನೆಸಿ ತುಕ್ಕು ತೆಗೆದೆ, ಹೊಸ ಹಿಡಿ ಹಾಕಿದೆ, ಮುಂಗೈ ಕೂದಲು ಬೋಳಾಗುವಷ್ಟು ಹರಿತ ಮಾಡಿದೆ. ಬೋಳು ಕೈ ನೋಡಿ ಅವಳು ಕೇಳಿದ್ದಕ್ಕೆ ಗ್ಯಾಸಿನ ಬೆಂಕಿ ತಗುಲಿತೆಂದೆ.

ಹಬ್ಬಕ್ಕೆಂದು ಅವಳ ಅಣ್ಣ, ಅಂದರೆ ನನ್ನ ಭಾವ, ಹಿಂದಿನ ದಿನವೇ ಬಂದು ಉಳಿದಿದ್ದರು. ಠಾಣೆಯಲ್ಲಿ ಅವರದೊಂದು ಸಣ್ಣ ಕ್ಯಾಂಟೀನು. ಹನ್ನೊಂದಕ್ಕೆ ಅಲ್ಲಿ ಗ್ರೈಂಡರಿಗೂ ಒಲೆಗೂ ಪೂಜೆ. ಒಂಬತ್ತಕ್ಕೆ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ.

"ಭಾವ, ನಿಮ್ಮ ಬಾಗಿಲು ಕಚ್ಚಿ ಹಿಡ್ದಿದೆ ಮಾರಾಯ್ರೇ!" ಎಂದು ಬಾತ್‌ರೂಮಿನೊಳಗಿಂದ ಕೂಗಿದರು. ಅವರಿಗೆ ನಾನೂ ಭಾವನೇ.

ಅದು ನಾನೇ ಮಾಡಿದ ಬಾಗಿಲು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ವಾರವಿಡೀ ನವಿ ಮುಂಬಯಿಯ ಗೋದಾಮಿನಲ್ಲಿ ದುಡಿದು, ಭಾನುವಾರಗಳಲ್ಲಿ ಬರೀ ಕೈಹತ್ಯಾರಗಳಿಂದ ಹಳೇ ಸಾಗುವಾನಿ ಹಲಗೆ ಹೆರೆದು ಮಾಡಿದ್ದು. ಏಪ್ರಿಲಿನಲ್ಲಿ ಕೂರಿಸಿದಾಗ ಚೌಕಟ್ಟಿನ ಸಂದಿಯಲ್ಲಿ ಒಂದು ಕಾಗದವೂ ಹೋಗುತ್ತಿರಲಿಲ್ಲ. ಹೋಗದ್ದನ್ನು ಇಡೀ ಬಿಲ್ಡಿಂಗಿಗೆ ಕಾಗದ ಹಿಡಿದು ತೋರಿಸಿದ್ದೆ. ಮಳೆಗಾಲಕ್ಕೆ ಮರ ಉಬ್ಬುತ್ತದೆಂದು ಗೊತ್ತಿಲ್ಲದವನಲ್ಲ. ಆದರೆ ಸಂದಿ ಬಿಟ್ಟರೆ ಜನರಿಗೆ ತೋರಿಸುವುದೇನನ್ನು?

ಭಾವ ಒಳಗಿನಿಂದ ನೂಕಿದರು, ನಾನು ಹೊರಗಿನಿಂದ ಎಳೆದೆ. ಹಿಡಿಕೆ ಕಿತ್ತು ಕೈಗೇ ಬಂತು.

"ಒಂದು ಉಳಿ ತೆಗೀಲಾ?" ಎಂದು ದೇವರ ಕಡೆ ನೋಡಿದೆ.

"ಕುಂಕುಮ ಬಿದ್ದದ್ದನ್ನು ನಾಳೆವರೆಗೆ ಎತ್ತುವ ಹಾಗಿಲ್ಲ" ಎಂದಳು ಹೆಂಡತಿ. "ಪ್ರತಿ ವರ್ಷ ನೀವೇ ಹೇಳೋದಲ್ವಾ?"

ಹೌದು, ನಾನೇ.

ಪಕ್ಕದ ಮನೆಯ ಕಾಕಾರ ಹತ್ತಿರ ಓಡಿದೆ. "ಅರೇ ಶೇಟ್, ಆಜ್ ಖಂಡೇನವಮಿ! ಆಮಚೀ ಪಣ್ ಪೂಜೇತ್ ಬಸಲೀತ್" ಎಂದು, ಅಂದರೆ ತಮ್ಮವೂ ಪೂಜೆಗೆ ಕೂತಿವೆಯೆಂದು, ಅವರು ತಮ್ಮ ದೇವರ ಮುಂದಿದ್ದ ಸುತ್ತಿಗೆ, ಸ್ಕ್ರೂಡ್ರೈವರ್ ತೋರಿಸಿದರು. ಬಿಲ್ಡಿಂಗಿನ ಕಬ್ಬಿಣಕ್ಕೆಲ್ಲ ಅವತ್ತು ರಜೆ.

"ಫೈರ್ ಬ್ರಿಗೇಡಿಗೆ ಫೋನ್ ಮಾಡ್ಲಾ?" ಹೆಂಡತಿ ಕೇಳಿದಳು. ನನ್ನ ಬಾಗಿಲು ಒಡೆಯಲು ಫೈರ್ ಬ್ರಿಗೇಡು!

ಒಳಗಿನಿಂದ ಭಾವ ಕೂಗಿದರು: "ಹತ್ತೂಕಾಲರ ಲೋಕಲ್ ಹಿಡೀಬೇಕು ಭಾವ! ನಾನು ಹೋಗದಿದ್ರೆ ಅಡುಗೆಯವನೇ ಕಾಯಿ ಒಡೀತಾನೆ. ಒಡೆದ ಅಂದ್ರೆ ವರ್ಷವಿಡೀ ಅವನೇ ಯಜಮಾನ!"

ಮನೆಯಲ್ಲಿ ಕುಂಕುಮ ಬೀಳದ ಹತ್ಯಾರ ಒಂದೇ ಇತ್ತು. ತೆಗೆದರೆ ನನ್ನ ಕಳ್ಳತನ ಹೊರಗೆ, ತೆಗೆಯದಿದ್ದರೆ ಭಾವ ಒಳಗೆ. ಸ್ಟೂಲು ಹಾಕಿ ಅಟ್ಟಕ್ಕೆ ಕೈ ಹಾಕಿದೆ.

ಬನಿಯನ್ ಬಿಚ್ಚಿದಾಗ ಉಳಿ ಟ್ಯೂಬ್‌ಲೈಟಿಗೆ ಫಳ್ಳೆಂದಿತು.

"ಎಂಥ ಅದು?"

"ಉಳಿ. ಇದಕ್ಕೆ ಕುಂಕುಮ ಬಿದ್ದಿಲ್ಲ."

"ಎಲ್ಲಿಂದ ಬಂತು?"

ಒಳಗಿನಿಂದ ಭಾವ ಮೆತ್ತಗೆ ಹೇಳಿದರು: "ನಾನು ಇಲ್ಲೇ ಇರ್ತೇನೆ. ನೀವು ಮಾತು ಮುಗಿಸಿ."

ಅಷ್ಟು ದಿನ ಕಲ್ಲಿಗೆ ಉಜ್ಜಿದ ಉಳಿಯ ಬಾಯಿಯನ್ನು ಚೌಕಟ್ಟಿನ ಅಂಚಿಗಿಟ್ಟು, ಕಣ್ಣು ಮುಚ್ಚಿ, ಲಟ್ಟಣಿಗೆಯಿಂದ ಹೊಡೆದು ಮೀಟಿದೆ. ಚಿಟ್ಟೆಂದು ಉಳಿಯ ಮೂಲೆ ಮುರಿಯಿತು, ಧಡ್ಡೆಂದು ಬಾಗಿಲು ತೆರೆಯಿತು, ಟವೆಲು ಸುತ್ತಿದ ಭಾವ ನೇರ ನನ್ನ ಮೇಲೆ ಬಿದ್ದರು. ಲೋಕಲ್ ಸಿಕ್ಕಿತು. ಅಂಗಿ ಒಳಹೊರಗಾಗಿದ್ದು ಠಾಣೆಯಲ್ಲಿ ಅಡುಗೆಯವನು ಹೇಳಿದ ಮೇಲೆ ಗೊತ್ತಾಯಿತಂತೆ.

ಹೆಂಡತಿ ಉಳಿಯನ್ನು ನನ್ನ ಕೈಯಿಂದ ತೆಗೆದು, ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಿ ಸಾಲಿನ ಕೊನೆಗಿಟ್ಟಳು. "ಇನ್ನು ಇದನ್ನೂ ಮುಟ್ಟುವ ಹಾಗಿಲ್ಲ."

ಅಂದರೆ ಬಾಗಿಲು ಹೆರೆಯುವುದು ನಾಳೆ. ಅಲ್ಲಿವರೆಗೆ ಮುಚ್ಚಿದರೆ ಮತ್ತೆ ಕಚ್ಚುತ್ತದೆ. ಹಾಗಾಗಿ ಆ ದಿನವಿಡೀ ಬಾತ್‌ರೂಮಿಗೆ ನಾನೇ ಬಾಗಿಲು. ಬೆಡ್‌ಶೀಟಿನ ಎರಡು ತುದಿ ಎತ್ತಿ ಹಿಡಿದು, ಬೆನ್ನು ತಿರುಗಿಸಿ ನಿಲ್ಲುವ ಕೆಲಸ.

ಮಧ್ಯಾಹ್ನ ಹೆಂಡತಿ ಒಳಗೆ ಹೋದಾಗ ಬೆನ್ನ ಹಿಂದಿನಿಂದ ವಿಚಾರಣೆ ಶುರುವಾಯಿತು.

"ಯಾವಾಗ ತಂದ್ರಿ?"

"ನೀನು ಊರಿಗೆ ಹೋಗುವ ಮೊದಲು."

"ಇನ್ನೆಷ್ಟು ಉಂಟು?"

ನನ್ನ ಕಣ್ಣು ಅಟ್ಟದ ಕಡೆ ಹೋಯಿತು.

"ಶೀಟು ಮೇಲೆ ಹಿಡೀರಿ" ಎಂದಳು. "ಜಾರ್ತಾ ಉಂಟು."