ಗುಂಡಿ ಒತ್ತಿದರೂ ನಿಲ್ಲದ ಬೆಲ್ಟ್

ಗಂಗಾವತಿಗೆ ಬಂದ ಹನ್ನೊಂದನೇ ದಿನ ನಾನು ಬರೆದ ಪ್ರೋಗ್ರಾಮಿನಿಂದ ಒಬ್ಬ ಹೆಂಗಸಿನ ಕೈ ಹೋಗುವುದಿತ್ತು.

ಮೈಸೂರಿನ ಗೆಳೆಯರೇ, ಅಕ್ಕಿ ಗಿರಣಿಯ ಯಂತ್ರಗಳಿಗೆ ಪುಟ್ಟ ಕಂಪ್ಯೂಟರ್ ಕೂರಿಸುವ ಕೆಲಸಕ್ಕೆ ನಾನಿಲ್ಲಿಗೆ ಬಂದವಳು. ಅದರ ಕರ್ನೆಲ್, ಅಂದರೆ ಒಳಗೆ ಕೂತು ಎಲ್ಲವನ್ನೂ ನಡೆಸುವ ಪ್ರೋಗ್ರಾಂ, ನನ್ನ ಪಾಲಿನದು. ಮನೆ ಸುಲಭವಾಗಿ ಸಿಕ್ಕಿತು, ಬಾಗಿಲು ಹಾಕಿಕೊಳ್ಳುವುದೇ ಕಷ್ಟ. ಅಲ್ಲಿ ನೀವು ಫೋನ್ ಮಾಡಿ ಬರುತ್ತೀರಿ. ಇಲ್ಲಿ "ಏನ್ ಮಾಡಾಕತ್ತೀರಿ?" ಎನ್ನುವಷ್ಟರಲ್ಲಿ ರೊಟ್ಟಿ, ಪುಂಡಿಪಲ್ಯ ಹಿಡಿದು ಒಳಗೇ ಬಂದಿರುತ್ತಾರೆ. ಕೆಲಸದ ನಡುವೆ ಯಾರು ಬಂದರೂ ನನಗೆ ಮೈಯೆಲ್ಲ ಉರಿ. ಪ್ರೋಗ್ರಾಮಿಗೂ ಅದೇ ಬುದ್ಧಿ ಕಲಿಸಿದ್ದೆ: ಬೆಲ್ಟಿನ ಮೇಲಿನ ಕಾಳು ನೋಡುವ ಸೆನ್ಸರಿನ ಕೆಲಸ ಮುಗಿಯುವ ತನಕ ಬೇರೆ ಯಾವ ಕರೆಗೂ, ನಮ್ಮ ಭಾಷೆಯಲ್ಲಿ ಇಂಟರಪ್ಟಿಗೆ, ಓಗೊಡಬೇಡ ಅಂತ.

ಅವತ್ತು ಗಿರಣಿಯಲ್ಲಿ ಕೆಲಸ ಮಾಡುವ ಹುಲಿಗೆಮ್ಮ ಬೆಲ್ಟಿಗೆ ಸಿಕ್ಕ ಹುಲ್ಲು ತೆಗೆಯಲು ನಿಲ್ಲಿಸುವ ಗುಂಡಿ ಒತ್ತಿ, ರೂಢಿಯಂತೆ ಆ ಕ್ಷಣವೇ ಕೈ ಹಾಕಿದರು. ಬೆಲ್ಟ್ ನಿಲ್ಲಲಿಲ್ಲ.

"ಯವ್ವಾ! ಒತ್ತೀನ್ರೀ, ನಿಂದ್ರವಲ್ದು!"

ಬಳೆ ಪುಡಿಯಾದವು. ಹಮಾಲರ ಮೇಲಿನವರು, ಅಂದರೆ ಮುಕದ್ದಮ ಫಕೀರಪ್ಪನವರು, ಓಡಿಹೋಗಿ ಮೇನ್ ಸ್ವಿಚ್ ಎಳೆದರು. ಕೈ ಉಳಿಯಿತು. ಆಮೇಲೆ ನನ್ನ ಪ್ರೋಗ್ರಾಂ ತೆರೆದು ನೋಡಿದೆ. ಕಾಳು ಬರುತ್ತಲೇ ಇತ್ತು, ಸೆನ್ಸರಿನ ಕೆಲಸ ಮುಗಿಯಲೆಂದು ಗುಂಡಿಯ ಕರೆ ಹೊರಗೆ ಕಾಯುತ್ತಿತ್ತು!

ಗಾಬರಿಯಲ್ಲಿ ಎಲ್ಲ ಕರೆಗಳನ್ನೂ ಒಳಬಿಟ್ಟು ಮೇಜಿನ ಮೇಲೆ ಪರೀಕ್ಷಿಸಿದೆ. ಒಂದು ಕರೆ ಮುಗಿಯುವ ಮೊದಲೇ ಅದೇ ಸೆನ್ಸರ್ ಮತ್ತೆ, ಮತ್ತೆ ಕರೆದು, ಬಿಟ್ಟ ಕೆಲಸಗಳ ಗುರುತಿಡುವ ಜಾಗವೇ ತುಂಬಿ ಕಂಪ್ಯೂಟರ್ ಸತ್ತಿತು.

ದಾರಿ ತೋರಿದ್ದು ಫಕೀರಪ್ಪನವರು. ಚೀಲ ಎಣಿಸುವಾಗ ಯಾರಾದರೂ ಕರೆದರೆ ಎಣಿಸಿದ ಕೊನೆಯ ಚೀಲಕ್ಕೆ ಸೀಮೆಸುಣ್ಣದ ಗೀಟೆಳೆದು ಹೋಗುತ್ತಾರೆ, ಬಂದು ಅಲ್ಲಿಂದಲೇ ಮುಂದುವರಿಸುತ್ತಾರೆ.

"ಎಲ್ಲರಿಗೂ ಹೋಗ್ತೀರಾ?" ಎಂದು ಕೇಳಿದೆ.

"ಎಲ್ಲಾರ್ಗೂ ಹೆಂಗ ಆಗತೈತ್ರಿ ಅಕ್ಕಾರ? ಇದಕ್ಕಿಂತ ದೊಡ್ಡ ಕೆಲ್ಸ ಇದ್ರ ಅಷ್ಟ. ಕರದಾಂವನ ಮತ್ತ ಕರದ್ರ, ನಿಂದ್ರೋ ಅಂತೀನಿ."

ಹಾಗೇ ಬರೆದೆ. ಬಿಟ್ಟ ಜಾಗದ ಗುರುತಿಟ್ಟುಕೋ, ಅದೇ ಕರೆಯನ್ನೂ ಅದಕ್ಕಿಂತ ಸಣ್ಣದನ್ನೂ ತಡೆ, ದೊಡ್ಡದನ್ನು ಮಾತ್ರ ಬಿಡು. ಎಲ್ಲಕ್ಕಿಂತ ದೊಡ್ಡದು ನಿಲ್ಲಿಸುವ ಗುಂಡಿ. ಹುಲ್ಲು ತುಂಬಿದ ಕೈಗವಸನ್ನು ಬೆಲ್ಟಿಗೆ ಕೊಟ್ಟು ಗುಂಡಿ ಒತ್ತಿದರೆ ಪ್ರತಿ ಸಲವೂ ತಟ್ಟನೆ ನಿಂತಿತು. ಅಷ್ಟಾದರೂ ಧೈರ್ಯ ಸಾಲದೆ, ಪ್ರೋಗ್ರಾಂ ಕೈಕೊಟ್ಟರೂ ಕರೆಂಟ್ ಹೋಗುವಂತೆ ಗುಂಡಿಗೆ ಬೇರೆ ತಂತಿ ಎಳೆಸಿದೆ. ನೀವಾಗಿದ್ದರೆ ನನ್ನ ಬೆನ್ನು ತಟ್ಟಿ ಕಾಫಿಗೆ ಕರೆದೊಯ್ಯುತ್ತಿದ್ದಿರಿ.

ಈಗ ಹುಲಿಗೆಮ್ಮನವರ ಮನೆಯಲ್ಲಿ ನನಗೂ ಒಂದು ಗಂಗಾಳವಿದೆ, ಊಟದ ತಟ್ಟೆಗೆ ಇಲ್ಲಿ ಹಾಗೆನ್ನುತ್ತಾರೆ. ಮೊನ್ನೆ ಗಿರಣಿಗೆ ಬಂದ ತಮ್ಮ ತಂಗಿಗೆ ಅವರು ನನ್ನನ್ನು ತೋರಿಸಿ, "ಇವ್ರು ನಮ್ಮ ಮನಿ ಮಗಳಿದ್ದಂಗ" ಎಂದರು. ಬೆಲ್ಟ್ ಈಗ ನಿಲ್ಲುತ್ತದೆಯೇ ಎಂದು ತಂಗಿ ಕೇಳಿದಳು.

"ನಿಂದ್ರತೈತವಾ, ಛಲೋ ಮಾಡ್ಯಾರ" ಎಂದು ಹುಲಿಗೆಮ್ಮ ಗುಂಡಿ ಒತ್ತಿದರು. ಬೆಲ್ಟ್ ನಿಂತಿತು. ಆಮೇಲೆ ಗೋಡೆಗಿಟ್ಟಿದ್ದ ಕೋಲು ತೆಗೆದುಕೊಂಡು, ನನ್ನ ಮುಖ ನೋಡದೆ, ಬೆಲ್ಟಿಗೆ ಸಿಕ್ಕಿದ್ದ ಹುಲ್ಲನ್ನು ಕೋಲಿನಿಂದಲೇ ಎಳೆದರು.