ತಿಪ್ಪಕ್ಕನ ಸೊಲ್ಲು

ಕೊಂಡ್ಲಹಳ್ಳಿಯಲ್ಲಿ ಯಾರ ಮನೆಯ ಮದುವೆಯಾದರೂ ಚಪ್ಪರ ಹಾಕುವವರಿಗಿಂತ ಮೊದಲು ಹೊನ್ನಕ್ಕ, ತಿಪ್ಪಕ್ಕರಿಗೆ ಕರೆ ಹೋಗುತ್ತದೆ. ಸೋಬಾನೆಯ ಸೊಲ್ಲನ್ನು ಹೊನ್ನಕ್ಕ ಎತ್ತಿದರೆ ತಿಪ್ಪಕ್ಕ ಅದನ್ನೇ ತಿರುಗಿ ಹೇಳುತ್ತಾಳೆ. ಆ ಸಂದಿನಲ್ಲಿ ಹೊನ್ನಕ್ಕ ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಯುತ್ತಾಳೆ. ಶೇಂಗಾ ಕೀಳುವ ಕೂಲಿಗೆ ಹೋದಾಗಲೂ ಇಬ್ಬರದೂ ಇದೇ ಪದ್ಧತಿ. ಮೇಸ್ತ್ರಿ ಬೈದರೂ ಬಾಯಿ ನಿಲ್ಲದು.

ಚಳ್ಳಕೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಯೂಟ್ಯೂಬಿಗೆ ಜಾನಪದ ಹಾಡು ಬಿಡುವ ನಾಗಾರ್ಜುನ ಒಂದು ಮದುವೆಯಲ್ಲಿ ಇವರ ಹಾಡು ಕೇಳಿ, ಹೊನ್ನಕ್ಕನೊಬ್ಬಳನ್ನೇ ಕರೆದ. ತಿಪ್ಪಕ್ಕನ ದನಿ ಈಚೆಗೆ ಒಡೆದಿತ್ತು. “ಹೋಗೇ, ನನ್ ಗಂಟ್ಲಂತೂ ಹೋಗೈತೆ, ನೀನಾದ್ರೂ ಹಾಡು” ಎಂದು ತಿಪ್ಪಕ್ಕ ತನ್ನ ಮೊಳಕಾಲ್ಮೂರು ಸೀರೆಯನ್ನೇ ಉಡಿಸಿ ಬಸ್ಸು ಹತ್ತಿಸಿದಳು. ಸಾಲದ್ದಕ್ಕೆ ಓಣಿಗೆಲ್ಲ ಡಂಗುರ ಸಾರಿದಳು.

ಸ್ಟುಡಿಯೋದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ತಾಳ ಬಿಟ್ಟರು. ಹೊನ್ನಕ್ಕ ಒಂದು ಸೊಲ್ಲು ಹಾಡಿ ಸುಮ್ಮನಾದಳು.

“ಯಾಕವ್ವಾ ನಿಲ್ಲಿಸಿದ್ರಿ?”

“ಈಗ ತಿಪ್ಪಕ್ಕ ಹೇಳ್ಬೇಕಲ್ಲಪ್ಪ.”

ನಾಗಾರ್ಜುನ ಕೆಟ್ಟವನಲ್ಲ, ಅವಸರದವನು. ಅವಳದೇ ದನಿಯನ್ನು ಆ ಜಾಗಕ್ಕೆ ಅಂಟಿಸಿ ಕೇಳಿಸಿದ. ಹೊನ್ನಕ್ಕ ಬೆಚ್ಚಿಬಿದ್ದಳು.

“ಇದೇನಪ್ಪ, ನಾನೇ ಕರ್ದು ನಾನೇ ಓಗೊಟ್ಟಂಗೈತೆ! ತಿಪ್ಪಕ್ಕ ಬಂದ್ರೆ ಹಾಡ್ತೀನಿ, ಇಲ್ಲಾಂದ್ರೆ ಬ್ಯಾಡ.”

“ಆ ಗಂಟ್ಲು ಯಾರು ಕೇಳ್ತಾರವ್ವಾ? ಹಾಡು ಓಡ್ಬೇಕಲ್ಲ.”

“ಓಡೋವು ಓಡ್ಲಿ ಬಿಡು,” ಎಂದು ಹೊನ್ನಕ್ಕ ಹೆಡ್‌ಫೋನ್ ಬಿಚ್ಚಿಟ್ಟಳು.

ಮೆಟ್ಟಿಲಿಳಿಯುವಾಗ ಇದ್ದ ಧೈರ್ಯ ಬಸ್ಸಿನಲ್ಲಿ ಕೂತಾಗ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಓಣಿಯವರು ಆಡಿಕೊಳ್ಳುವುದು ಖಂಡಿತ. ಅದು ಹಾಳಾಗಲಿ, ಅಷ್ಟು ಆಸೆಯಿಂದ ಸೀರೆ ಉಡಿಸಿ ಕಳಿಸಿದವಳಿಗೆ ಏನು ಹೇಳುವುದು? ನಿನ್ನ ದನಿ ಬೇಡವೆಂದರು ಅನ್ನುವುದೇ? ಕರೆಂಟು ಹೋಗಿತ್ತು ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು.

ತಿಪ್ಪಕ್ಕ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಹೇಗಾಯಿತು, ಏನಾಯಿತು ಎಂದು ಕೇಳಲಿಲ್ಲ.

“ನನ್ ಸೊಲ್ಲು ಯಾರು ಹೇಳಿದ್ರೇ?”

ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. “ಯಾರೂ ಇಲ್ಲ. ಅದಕ್ಕೇ ನಾನೂ ಹಾಡ್ಲಿಲ್ಲ, ಎದ್ದು ಬಂದೆ ತಿಪ್ಪಕ್ಕಾ.”

ತಿಪ್ಪಕ್ಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಹೊನ್ನಕ್ಕ ಗಾಬರಿಯಾಗಿ ಹಿಡಿದುಕೊಳ್ಳಲು ಬಗ್ಗಿದರೆ, ಅವಳು ಅಳುತ್ತಲೇ ನಗುತ್ತಿದ್ದಳು. ತಿಪ್ಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಬ್ಬಾ! ಬೆಳಗ್ಗಿಂದ ಒಂದು ತುತ್ತು ಇಳಿದಿಲ್ಲ ಕಣೇ. ಬಾ, ಮುದ್ದೆ ಮಾಡಿಟ್ಟಿದೀನಿ, ಉಣ್ಣಾನ.”