ನೇವೆನಾಳ ಎಂಟು ಗಂಟೆಯ ಗುಳಿಗೆ

ನೇವೆನಾಳ ಗಂಡ ರಂಗೆಲ್ ಜರ್ಮನಿ, ಹಾಲೆಂಡ್ ಕಡೆ ಲಾರಿ ಓಡಿಸುತ್ತಾನೆ. ಆರು ವಾರಕ್ಕೊಮ್ಮೆ ಬಂದು ಐದು ದಿನ ಇದ್ದು ಹೋಗುತ್ತಾನೆ. ಮಿಕ್ಕ ದಿನಗಳಲ್ಲಿ ಅವಳು ಬಲ್ಗೇರಿಯಾದ ನಮ್ಮೂರ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹಚ್ಚುತ್ತಾಳೆ. ಸಂಜೆ ಒಬ್ಬಳಿಗಾಗುವಷ್ಟು ಕಾಳಿನ ಸಾರು ಬೇಯಿಸಿಕೊಳ್ಳುತ್ತಾಳೆ. ಟಿವಿಯಲ್ಲಿ ಎಂಟು ಗಂಟೆಯ ವಾರ್ತೆ ಶುರುವಾದ ಕೂಡಲೇ ಒಂದು ಗುಳಿಗೆ ನುಂಗುತ್ತಾಳೆ. ಬಸುರಾಗದಿರುವ ಗುಳಿಗೆ.

ಮಗು ಬೇಡವೆಂದಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಅನ್ನುತ್ತಾರಲ್ಲ, ನೇವೆನಾ ಹೊಲಿದಿದ್ದಳು. ನಾಲ್ಕು ವರ್ಷದ ಹಿಂದೆ ಕೂಸು ಹುಟ್ಟಿತು, ಎರಡು ದಿನ ಬದುಕಿತು. ರಂಗೆಲ್ ಆಗ ಯಾವುದೋ ಬಂದರಿನಲ್ಲಿ ಲಾರಿಗಳ ಸಾಲಿನಲ್ಲಿ ನಿಂತಿದ್ದ. ಅವನು ಬಂದು ಮುಟ್ಟಿದ್ದು ಒಂಬತ್ತನೆಯ ದಿನ. ಮಣ್ಣು ಮಾಡಿದ್ದೂ ಅವಳೇ, ಎದೆಹಾಲು ಹಿಂಡಿ ಚೆಲ್ಲಿದ್ದೂ ಅವಳೇ. "ಇನ್ನೊಂದು ಸಲ ಒಬ್ಬಳೇ ಹೆರಲ್ಲ. ನೀನು ಊರಲ್ಲಿ ಕೆಲಸ ಹಿಡಿ, ಆಮೇಲೆ ನೋಡೋಣ," ಅಂದಳು. "ಇನ್ನೆರಡೇ ವರ್ಷ," ಅಂದ ರಂಗೆಲ್. ಆ ಎರಡು ವರ್ಷ ಇವತ್ತಿಗೂ ಮುಗಿದಿಲ್ಲ.

ಮೊದಮೊದಲು ಅವಳು ರಂಗೆಲ್ ಬಂದಾಗ ಮಾತ್ರ ಗುಳಿಗೆ ನುಂಗುತ್ತಿದ್ದಳು. ಅವನಿಲ್ಲದ ಮನೆಯಲ್ಲಿ ಅದರ ದರ್ದಾದರೂ ಏನು? ಔಷಧಿ ಅಂಗಡಿಯ ಮಗ್ದಲೆನಾ ಅದನ್ನು ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದಿ! ಮಳೆ ಬಂದಾಗ ಬಿಚ್ಚೋಕೆ ಇದೇನು ಕೊಡೆನಾ? ಸೂರು ಕಣೇ. ದಿನಾ ತಲೆ ಮೇಲಿರಬೇಕು. ಗಂಡ ಇರ್ಲಿ, ಬಿಡ್ಲಿ, ಇಪ್ಪತ್ತೊಂದು ದಿನ, ದಿನಕ್ಕೊಂದು, ಅದೇ ಹೊತ್ತಿಗೆ. ಆಮೇಲೆ ಏಳು ದಿನ ಬಿಡುವು. ಆಗ ಮುಟ್ಟಾಗ್ತೀಯ. ಎಂಟನೇ ದಿನ ಹೊಸ ಪಟ್ಟಿ ಶುರು, ಮುಟ್ಟು ನಿಂತಿರ್ಲಿ, ನಿಲ್ದೇ ಇರ್ಲಿ."

"ಒಂದು ದಿನ ಮರೆತ್ರೆ?"

"ನೆನಪಾದ ಗಳಿಗೆ ನುಂಗು, ಒಂದೇ ದಿನ ಎರಡಾದ್ರೂ ಸರಿ. ಎರಡು ದಿನ ಮರೆತ್ರೆ ಮಾತ್ರ ನನ್ನತ್ರ ಓಡಿ ಬಾ. ಬೇರೆ ಔಷಧಿ ಏನಾದ್ರೂ ತಗೋತೀಯಾ?"

ನೇವೆನಾ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ನಮ್ಮ ಬಲ್ಗೇರಿಯಾದಲ್ಲಿ ಅದಕ್ಕೆ 'ಇಲ್ಲ' ಎಂದರ್ಥ. ಅಡ್ಡಡ್ಡ ಆಡಿಸಿದರೆ 'ಹೌದು'. ಹೊರಗಿನವರು ಇದನ್ನು ತಿರುಗುಮುರುಗು ಅನ್ನುತ್ತಾರೆ, ಅನ್ನಲಿ ಬಿಡಿ.

ಅಂದಿನಿಂದ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಪಕ್ಕದ ಮನೆಯ ಪೆನಾ ಅಜ್ಜಿಗೆ ಇದೊಂದು ತಮಾಷೆ. "ಗಂಡ ಜರ್ಮನೀಲಿ, ಗುಳಿಗೆ ಬಲ್ಗೇರಿಯಾದಲ್ಲಿ! ಗಾಳಿಗೆ ಬಸುರಾಗ್ತೀಯೇನೇ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದಳು. ನೇವೆನಾ ನಗುತ್ತಿದ್ದಳು. ಆದರೆ ಎಂಟು ಗಂಟೆಗೆ ಗುಳಿಗೆ ನಾಲಿಗೆಯ ಮೇಲಿಟ್ಟುಕೊಂಡಾಗ ಅದೇ ಮಾತು ಚುಚ್ಚುತ್ತಿತ್ತು. ಮುಟ್ಟುವವರಿಲ್ಲದ ಮೈಗೆ ದಿನವೂ ಬೀಗ ಹಾಕುವುದು ಎಂಥ ಬಾಳು! ಫೋನಿನಲ್ಲಿ ಮಾತ್ರ ಗಂಡನಿಗೆ "ಚೆನ್ನಾಗಿದೀನಿ" ಅನ್ನುತ್ತಿದ್ದಳು.

ಈ ಬೇಸಗೆಯಲ್ಲಿ ರಂಗೆಲ್ ಹೊರಟುಹೋದ ಮಾರನೆಯ ದಿನ, ಬೇಲಿಯ ಹತ್ತಿರ ಸುಮ್ಮನೆ ನಿಂತು ಅಳುತ್ತಿದ್ದವಳನ್ನು ಅಜ್ಜಿ ನೋಡಿದಳು. ಗೇಲಿ ಮಾಡಲಿಲ್ಲ. ಒಳಗೆ ಹೋಗಿ ಹಳದಿ ಹೂವಿನ ಒಣ ಸೊಪ್ಪಿನ ಕಟ್ಟೊಂದನ್ನು ತಂದುಕೊಟ್ಟಳು. ಕಂತಾರಿಯನ್ ಅದು. ನಡುಬೇಸಗೆಯ ಎನ್ಯೊ ಹಬ್ಬದ ದಿನ ಸೂರ್ಯ ಹುಟ್ಟುವ ಮುಂಚೆ ಕಿತ್ತರೆ ಎಲ್ಲ ಬೇನೆಗೂ ಮದ್ದಂತೆ.

"ಕುಡಿ ಮಗಳೇ, ದಿನಕ್ಕೆ ಎರಡು ಲೋಟ. ಮನಸ್ಸು ಹಗುರಾಗುತ್ತೆ."

ಹಗುರಾಯಿತೋ ಇಲ್ಲವೋ, ಬಿಸಿ ಲೋಟ ಹಿಡಿದುಕೊಳ್ಳಲು ಕೈಗೆ ಒಂದು ಕೆಲಸವಂತೂ ಸಿಕ್ಕಿತು. ಐದನೆಯ ವಾರ, ಪಟ್ಟಿ ಇನ್ನೂ ಅರ್ಧವಿರುವಾಗಲೇ ರಕ್ತ ಕಾಣಿಸಿಕೊಂಡಿತು. ಹೆದರಿ ಮಗ್ದಲೆನಾಳ ಬಳಿ ಓಡಿದಳು.

"ಗುಳಿಗೆ ಮರೆತ್ಯಾ? ವಾಂತಿ ಆಯ್ತಾ? ಔಷಧಿ ಏನಾದ್ರೂ?"

ಮೂರಕ್ಕೂ ತಲೆ ಮೇಲೆ ಕೆಳಗೆ ಆಡಿತು.

"ಮತ್ತೇನು ಕುಡೀತಿದೀಯ?"

"ಬರೀ ಚಹಾ. ಕಂತಾರಿಯನ್."

ಮಗ್ದಲೆನಾ ಕನ್ನಡಕ ತೆಗೆದಿಟ್ಟಳು. "ನಮ್ಮ ಹೆಂಗಸರಿಗೆ ಸೊಪ್ಪು ಅಂದ್ರೆ ಔಷಧಿ ಅಲ್ವೇ ಅಲ್ಲ! ಆ ಚಹಾ ನಿನ್ನ ಗುಳಿಗೆಯ ಬಲ ತಿಂದುಹಾಕುತ್ತೆ. ಇವತ್ತೇ ನಿಲ್ಸು. ಗುಳಿಗೆ ಬಿಡ್ಬೇಡ. ಇನ್ನು ನಾಲ್ಕು ವಾರ ಗಂಡನಿಗೆ ಕಾಂಡೋಮ್ ಕೊಡು. ಯಾವಾಗ ಬರ್ತಾನೆ?"

"ಶನಿವಾರ."

ಮಗ್ದಲೆನಾ ದನಿ ತಗ್ಗಿಸಿ ಕೇಳಿದಳು, "ಮನಸ್ಸು ಚೆನ್ನಾಗಿಲ್ವಾ, ನೇವೆನಾ? ಡಾಕ್ಟರ ಹತ್ರ ಹೋಗು. ಅವನಿಗೂ ಹೇಳು."

ಕಾಂಡೋಮಿನ ವಿಷಯ ಹೇಳುವುದು ದೊಡ್ಡದಲ್ಲ. ಯಾಕೆಂದು ಅವನು ಕೇಳುತ್ತಾನೆ. ಚಹಾ ಎನ್ನಬೇಕು. ಚಹಾ ಯಾಕೆಂದು ಕೇಳುತ್ತಾನೆ. ನಾಲ್ಕು ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟದ್ದನ್ನು ಆಗ ಬಾಯಿಬಿಟ್ಟು ಹೇಳಬೇಕು.

ಶನಿವಾರ ಬೆಳಿಗ್ಗೆ ರಂಗೆಲ್ ಬಂದ. ರೊಟ್ಟಿಗೆ ಮೆಣಸಿನಕಾಯಿ ಗೊಜ್ಜು ಬಳಿದುಕೊಂಡು ತಿನ್ನುತ್ತ ಕೂತವನ ಮುಂದೆ ಅವಳು ಕಾಂಡೋಮಿನ ಪೊಟ್ಟಣ ಇಟ್ಟಳು.

"ಇದೇನೇ? ಗುಳಿಗೆ ಬಿಟ್ಯಾ?"

"ಬಿಟ್ಟಿಲ್ಲ. ಕಂತಾರಿಯನ್ ಚಹಾ ಕುಡಿದೆ, ಅದು ಗುಳಿಗೇನ ಕೆಡಿಸುತ್ತಂತೆ."

ಅವನು ಅಗಿಯುವುದನ್ನು ನಿಲ್ಲಿಸಿದ. "ಅದನ್ನ ಮನಸ್ಸು ಕುಗ್ಗಿದವರು ಕುಡಿಯೋದಲ್ವಾ? ನಿಂಗೆ ಇಲ್ಲಿ ಒಂಟಿ ಅನ್ಸುತ್ತಾ?"

ನೇವೆನಾ ತಲೆಯನ್ನು ಅಡ್ಡಡ್ಡ ಆಡಿಸಿದಳು, ಒಂದು ಸಲ, ಇನ್ನೊಂದು ಸಲ.

"ಸದ್ಯ!" ಎಂದು ರಂಗೆಲ್ ಉಸಿರು ಬಿಟ್ಟ. "ಹೆದರಿಸಿಬಿಟ್ಟಿದ್ದೆ ಕಣೇ," ಎಂದು ಮತ್ತೊಂದು ರೊಟ್ಟಿಗೆ ಕೈಹಾಕಿದ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹನ್ನೊಂದು ವರ್ಷ ಪರದೇಶದಲ್ಲಿ ತಿರುಗಿದ ಗಂಡ, ಹೆಂಡತಿಯ ತಲೆಯಾಟವನ್ನು ಜರ್ಮನ್ನರ ಹಾಗೆ 'ಇಲ್ಲ' ಎಂದು ಓದಿದ್ದ. ಸುಮ್ಮನಿದ್ದುಬಿಡಬಹುದಿತ್ತು. ಅವನೂ ನೆಮ್ಮದಿಯಾಗಿ ತಿನ್ನುತ್ತಿದ್ದ.

"ರಂಗೆಲ್," ಎಂದು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನಾನು ಹೌದು ಅಂದೆ."

ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಗುರುವಾರ ಲಾರಿ ಎಂದಿನಂತೆ ಹೊರಟಿತು.

ಅಂದು ಸಂಜೆ ಎಂಟಕ್ಕೆ, ವಾರ್ತೆ ಶುರುವಾಗುವ ಹೊತ್ತಿಗೆ, ಫೋನು ಬಂತು. ಆ ಹೊತ್ತಿನಲ್ಲಿ ರಂಗೆಲ್ ಯಾವತ್ತೂ ಫೋನು ಮಾಡಿದವನಲ್ಲ. ಹೈವೇಯ ಸದ್ದಿನ ನಡುವೆ, "ನುಂಗಿದ್ಯಾ?" ಎಂದು ಕೇಳಿದ.

ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಅವನಿಗೆ ಕಾಣುವುದಿಲ್ಲವೆಂದು ಆಮೇಲೆ ನೆನಪಾಗಿ, "ಹೂಂ," ಅಂದಳು.